ನೂರಾ ಹದಿನೆಂಟರಾಗ ಒಂದು ಓಟು

ತೆಗ್ಗಿನಹಟ್ಟಿಯವರು ಭಂಡಾರದಾಗ ಕೈ ಇಟ್ಟಾಗ ಇಲೆಕ್ಷನ್ನಿನ ಸುದ್ದಿನೇ ಇರಲಿಲ್ಲ. ಇದನ್ನ ಮೊದಲ ಹೇಳಿಬಿಡಬೇಕು. ಇಲ್ಲಂದ್ರ ಕೇಳಿದವರು, "ಎಂಥಾ ಹುಚ್ಚ ಮಂದಿರೀ ಇವರು, ತಮ್ಮ ಕೈಯಾರೆ ಕೊರಳಿಗೆ ಹಗ್ಗ ಹಾಕ್ಕೊಂಡಾರ" ಅಂತಾರ. ಹುಚ್ಚರಲ್ಲ. ಕುರಿ ಕಾಯೋ ಮಂದಿ, ಆಡಿದ ಮಾತಿಗೆ ನಿಂತವರು, ದೇವರಿಗೆ ಅಂಜಿ ನಡದವರು. ಅಂಜಿದ್ದೇ ತಪ್ಪಾದ್ರ ಅದು ಬ್ಯಾರೆ ಮಾತು.

ಹಟ್ಟಿ ಇರೋದು ಸಿಂದಗಿ ತಾಲೂಕಿನಾಗ, ದೇವಣಗಾಂವದಿಂದ ಎರಡ ಹರದಾರಿ. ಮೂವತ್ತೆಂಟ ಮನಿ, ಎಲ್ಲಾ ಕುರುಬರವು. ಊರ ಬ್ಯಾರೆ, ಹಳ್ಳದ ಆಚೆ ಕಡೆ. ಹಟ್ಟಿಯ ತಲಿಗೆ ಅಮೋಘಸಿದ್ಧನ ಗುಡಿ. ಗುಡಿಗೆ ನಾಕ ಗ್ವಾಡಿ ಇದ್ದವು, ಮ್ಯಾಲ ಮಾತ್ರ ಜ್ವಾಳದ ಕಣಕಿ. ಮಳಿ ಬಂದ್ರ ದೇವರೂ ತೋಯತಿದ್ದ, ಪೂಜಾರಿ ರೇವಣಪ್ಪನೂ ತೋಯತಿದ್ದ. ದೇವರ ಸುಮ್ಮನಿರತಿದ್ದ, ರೇವಣಪ್ಪ ಮಾತ್ರ ವರ್ಷಪೂರ್ತಿ ಗೊಣಗತಿದ್ದ. ಎಪ್ಪತ್ತೇಳರ ದೀಪಾವಳಿ ಪಾಡ್ಯದ ದಿನ ಊರಿನ ಪರಮಾನಂದ ಸಾವಕಾರ ಗುಡಿಗೆ ತಗಡ ಹೊದಸಿಕೊಟ್ಟ. ಈ ಹಟ್ಟಿಯ ವಾರ್ಡಿಗೆ ಹಿಂದಿನಿಂದಲೂ ಪಂಚಾಯತಿ ಮೆಂಬರ ಅವನ. ಅವನ ಎದುರಿಗೆ ಯಾರೂ ನಿಂತವರಿಲ್ಲ, ಹಿಂಗಾಗಿ ಹಟ್ಟಿಯವರು ದಿಲ್ಲಿದು, ಬೆಂಗಳೂರಿಂದು ಓಟು ಹಾಕಿದ್ರ ಹೊರತು ತಮ್ಮೂರ ಪಂಚಾಯತಿದು ಒಂದ ಚೀಟೀನೂ ಕಂಡಿರಲಿಲ್ಲ.

ಅವತ್ತ ತಗಡಿನ ಕೆಳಗ ನಿಂತು ಪರಮಾನಂದ ಪೂಜಾರಿ ಕೈಯಾಗಿನ ಭಂಡಾರದ ತಾಟ ಇಸಕೊಂಡು ನಡುವ ಇಟ್ಟ. ಭಂಡಾರ ಅಂದ್ರ ಮಂದಿಗೆ ಅರಿಷಿಣ ಪುಡಿ, ಹಟ್ಟಿಯವರಿಗೆ ಅದ ದೇವರು.

"ನಾ ದೇವರಿಗೆ ಮಾಡೇನಿ, ನನಗೇನೂ ಬ್ಯಾಡ್ರಪಾ. ಮುಂದ ಪಂಚಾಯತಿ ಬಂದಾಗ ಹಟ್ಟಿ ಓಟು ನನಗಿರ್ಲಿ, ಅಷ್ಟ ಸಾಕು" ಅಂದ.

ಎದುರಾಳಿನೇ ಇಲ್ಲದಾವ ಓಟು ಕೇಳಿದ್ರ ಇಲ್ಲ ಅನ್ನಾವ್ರ ಯಾರು? ಹುಗ್ಗಿಯ ವಾಸನಿ ಬ್ಯಾರೆ ಬರಾಕತ್ತಿತ್ತು. ಗಂಡಸರು, ಹೆಂಗಸರು, ಓಟಿದ್ದವರು ಅಷ್ಟೂ ಮಂದಿ ಸಾಲಾಗಿ ಬಂದು ತಾಟಿನ್ಯಾಗ ಕೈ ಇಟ್ಟು, "ಸಿದ್ಧನ ಆಣಿ, ಸಾವಕಾರ್ರಿಗೇ" ಅಂದ್ರು. ಸಾತವ್ವ ಕಣಕ ನಾದತಿದ್ದಾಕಿ ಎದ್ದು ಬಂದು, ಸೀರಿ ಸೆರಗಿಗೆ ಕೈ ಒರಸಿ, ಗಡಬಡಿಸಿ ಬೆರಳ ಮುಟ್ಟಿಸಿ ಹೋದಳು. ಆಕಿ ಗಂಡ ಸಂಗಣ್ಣ ಮಾತ್ರ ಅಂಗೈ ಪೂರಾ ಒತ್ತಿ ಇಟ್ಟ. ಅಂವ ಏನ ಮಾಡಿದ್ರೂ ಹಂಗ, ಅರ್ಧಾ ಮಾಡಿದಾವಲ್ಲ.

ಸುಳ್ಳಾಣಿ ಮಾಡಿದ್ರ ಏನಾಕ್ಕೈತಿ ಅಂತ ಹಟ್ಟಿಯಾಗ ಕೂಸಿಗೂ ಗೊತ್ತಿತ್ತು. ಹಟ್ಟಿಯ ಹನಮವ್ವ ಅನ್ನಾಕಿಯ ಮಾವ ಹಿಂದ ಒಂದ ಮೇಕಿ ಸಲುವಾಗಿ ಭಂಡಾರ ಮುಟ್ಟಿ ಸುಳ್ಳ ಹೇಳಿದ್ದ. ಹದಿನೈದ ದಿನದಾಗ ಅವನ ಬಾಯಿ ಎಡಕ್ಕ ತಿರುಗಿತು, ಸಾಯೋತನಕ ತಿರುಗೇ ಇತ್ತು. ಅವನ ಕುರಿ ಎಷ್ಟ ಸತ್ತವು ಅನ್ನೋದನ್ನ ಒಬ್ಬೊಬ್ಬರು ಒಂದೊಂದ ಲೆಕ್ಕ ಹೇಳತಿದ್ರು, ಬಾಯಿದು ಮಾತ್ರ ಎಲ್ಲಾರೂ ಕಣ್ಣಿಲೆ ಕಂಡದ್ದು.

ಚಳಿಗಾಲ ಹೋತು, ಬೆಂಗಳೂರ ಇಲೆಕ್ಷನ್ ಹೋತು, ಬ್ಯಾಸಗಿ ಬಂತು. ಒಂದ ದಿನ ಮುಂಜಾನೆ ನಾಕ ಮಂದಿ ಸರಪಳಿ ಹಿಡಕೊಂಡು ಗಾಯರಾಣದಾಗ ಅಳಿಯಾಕ ಹತ್ತಿದ್ರು. ಊರ ದನ, ಹಟ್ಟಿ ಕುರಿ ಮೇಯಾಕಂತ ಸರಕಾರ ಬಿಟ್ಟ ಅರವತ್ತ ಎಕರೆ ಅದು. ಅದೇನ ಹಸರ ಮುರಕೊಂಡ ಬಿದ್ದ ಜಾಗಾ ಅಲ್ಲ. ಕಲ್ಲು, ಕಳ್ಳಿ, ಮಳಿಗಾಲದಾಗ ಗೇಣ ಹುಲ್ಲು. ಅದ್ರಾಗ ಹಟ್ಟಿಯ ಎಂಟನೂರ ಕುರಿ ಬದುಕತಿದ್ದವು. ಸಾತವ್ವ ಮದುವಿ ಆಗಿ ಬಂದಾಗಿಂದ ದಿನಾ ಹೊತ್ತೇರಿದ ಮ್ಯಾಲ ಬುತ್ತಿ ತಗೊಂಡು ಹೋದ ಜಾಗಾ.

ಸುದ್ದಿ ತಂದಾವ ನಬಿಸಾಬ. ಪಂಚಾಯತಿ ಜವಾನ, ಊರಾಗ ಡಂಗುರ ಹೊಡಿಯಾವನೂ ಅವನ. ಅವನ ಹೆಂಡತಿ ಹಜರಾಬಿ ಮತ್ತ ಸಾತವ್ವ ಒಂದ ದಿನ ಭೆಟ್ಟಿ ಆಗದಿದ್ರ ಇಬ್ಬರಿಗೂ ಉಂಡದ್ದ ಅರಗತಿರಲಿಲ್ಲ. ನಬಿಸಾಬ ಕಟ್ಟಿಗೆ ಕುಂತು, ಕೊಟ್ಟ ಮಜ್ಜಿಗಿ ಕುಡಿದು, ಆಮ್ಯಾಲ ಹೇಳಿದ.

"ಸಂಗಣ್ಣ, ಪರಮಾನಂದ ಸಾವಕಾರ್ರ ಭಾವ ಒಂದ ಸೊಸೈಟಿ ಮಾಡ್ಯಾನ. ಗಾಯರಾಣ ಆ ಸೊಸೈಟಿಗೆ ಕೊಟ್ಟು ತಂತಿ ಬೇಲಿ ಹಾಕಿ ಕಬ್ಬ ಹಚ್ಚಾವ್ರು. ಪಂಚಾಯತಿ ಠರಾವ ಆದ್ರ ಮುಗೀತು. ಪಂಚಾಯತಿ ಇಲೆಕ್ಷನ್ನೂ ಬಂದೈತಿ. ಹನ್ನೊಂದ ಮೆಂಬರ. ಹತ್ತ ಜಾಗಾದ್ದು ಯಾರ್ಯಾರಂತ ಆಗ್ಲೇ ಗೊತ್ತಾಗೇತಿ. ಐದ ಮಂದಿ ಕೊಡೂಣು ಅಂತಾರ, ಐದ ಮಂದಿ ಕೊಡಬಾರದು ಅಂತಾರ. ಉಳದದ್ದು ನಿಮ್ಮ ಹಟ್ಟಿದು ಒಂದ ನೋಡು. ಅದ್ಯಾವ ಕಡೆ ಬಿತ್ತೋ ಗಾಯರಾಣ ಆ ಕಡೆ."

"ನಮ್ಮ ಮೆಂಬರ ಸಾವಕಾರ್ರ ಅಲ್ಲೇನ?" ಅಂದಳು ಸಾತವ್ವ.

"ಅದಕ್ಕ ಹೇಳಾಕ ಬಂದೇನಿ ತಂಗಿ. ನನ್ನ ಓಟು ಇಲ್ಲಿದ್ದಿದ್ರ ನಾನ ಅವರ ಎದುರಿಗೆ ಹಾಕತಿದ್ದೆ. ನಮ್ಮ ಓಣಿ ಬ್ಯಾರೆ ವಾರ್ಡು. ಈ ವಾರ್ಡಂದ್ರ ಬರೇ ನಿಮ್ಮ ಹಟ್ಟಿ, ನೂರಾ ಹದಿನೆಂಟ ಓಟು."

ಆ ದಿನ ಗುಡಿ ಮುಂದ ಕೂಡಿದ ಮಂದಿಯ ಒದರಾಟ ಹಳ್ಳದ ಆಚೆ ಕೇಳತಿತ್ತು. ಗಾಯರಾಣ ಹೋದ್ರ ಕುರಿ ಎಲ್ಲಿ ಮೇಸೋದು, ನಮ್ಮ ತಲಿ ಮ್ಯಾಲೇನು? ನಮ್ಮಾವನ ಒಬ್ಬಾವ ನಿಂದರಲಿ! ಯಾರು? ಸಂಗಣ್ಣ ನಿಂದರಲಿ. ನಾಕನೇತ್ತೆ ಸಾಲಿ ಕಲ್ತಾನ, ಸಾಹೇಬರ ಮುಂದ ನಿಂತ್ರ ನಾಲಿಗಿ ಒಣಗಂಗಿಲ್ಲ. ಸಂಗಣ್ಣ ಬ್ಯಾಡ ಬ್ಯಾಡ ಅಂದ. ಮಂದಿ ಬಿಡಲಿಲ್ಲ. ಕಡೀಕ "ಹಟ್ಟಿ ಮಾತಿಗೆ ಒಲ್ಲೆ ಅನ್ನಾಕ ನಾ ಯಾರು" ಅಂದು ಸಿಂದಗಿಗೆ ಹೋಗಿ ಫಾರಂ ತುಂಬಿ ಬಂದ. ಅವನಿಗೆ ಕಂದೀಲಿನ ಗುರುತು ಸಿಕ್ಕಿತು, ಸಾವಕಾರಗ ತಕ್ಕಡಿ. ಸಾತವ್ವಗ ಆ ನಾಕ ದಿನ ನೆಲದ ಮ್ಯಾಲ ಕಾಲ ಇರಲಿಲ್ಲ. "ಮೆಂಬರನ ಹೇಂತಿ, ಒಂದೀಟ ಸರಿ" ಅಂತ ಹಜರಾಬಿ ಚಾಷ್ಟಿ ಮಾಡಿದ್ರ, "ನೀ ಸರಿ, ಜವಾನನ ಹೇಂತಿ" ಅಂತ ತಿರುಗಿ ಅಂತಿದ್ದಳು.

ಐದನೇ ದಿನ ಹುಚ್ಚವ್ವಾಯಿ, ಹಟ್ಟಿಯಾಗೆಲ್ಲಾ ಹಿರೇಕಿ, ಉಣ್ಣೆಯ ನೂಲ ಹೊಸಿಯೋದು ಬಿಟ್ಟು ತಲಿ ಎತ್ತಿ ಕೇಳಿದಳು.

"ಅಲ್ರಪಾ, ಭಂಡಾರದ ಗತಿ ಏನ ಮಾಡಿದ್ರಿ?"

ಗುಡಿ ಮುಂದಿನ ಕಟ್ಟಿ ಮ್ಯಾಲ ಇಪ್ಪತ್ತ ಮಂದಿ ಕುಂತಿದ್ರು. ಮರತಿದ್ರು ಅಂತಲ್ಲ. ಎಲ್ಲಾರ ಹೊಟ್ಯಾಗೂ ಅದು ಇತ್ತು, ಇನ್ನೊಬ್ಬ ಯಾರರ ಅದಕ್ಕ ದಾರಿ ಹುಡಕ್ಯಾನು ಅಂತ ಎಲ್ಲಾರೂ ಸುಮ್ಮನಿದ್ರು. ಪರಮಾನಂದಗ ಓಟು ಅಂತ ಸಿದ್ಧನ ಮುಂದ ನೂರಾ ಹದಿನೆಂಟ ಕೈ ತಾಟಿನ್ಯಾಗ ಇಳದಿದ್ದವು. ಸಂಗಣ್ಣನ ಕೈಯೂ ಇಳದಿತ್ತು.

ಎಲ್ಲಾರೂ ಪೂಜಾರಿ ಮಾರಿ ನೋಡಿದ್ರು. ರೇವಣಪ್ಪ ಗಡ್ಡ ಕೆರಕೊಂಡ.

"ಆಣಿ ಇಳಸಾಕ ನನ್ನ ಕೈಲೆ ಆಗಂಗಿಲ್ರಪಾ. ಯಾರ ಸಲುವಾಗಿ ಭಂಡಾರ ಮುಟ್ಟೀರಿ, ಅಂವ ತಿರುಗಿ ಇಸಕೋಬೇಕು. ಸಾವಕಾರ 'ಬಿಟ್ಟೆ' ಅಂದ್ರ ನಾಳಿಗೇ ಬಿಡಸತೇನಿ."

ಅಂದ್ರ ಏನು? ಪರಮಾನಂದನ ಎದುರಿಗೆ ಓಟು ಹಾಕಾಕ ಪರಮಾನಂದನ ಅಪ್ಪಣಿ ಬೇಕು! ಇಂಥಾ ಇಲೆಕ್ಷನ್ ಯಾವ ದೇಶದಾಗರ ಆಗಿರಬಹುದೇನು? ಆದ್ರ ಹೋದ್ರು, ಪಾಪ. ಹತ್ತ ಮಂದಿ ಗಂಡಸರು, ಸಂಗಣ್ಣ, ಜೋಡಿ ಸಾತವ್ವ ಮತ್ತ ಹುಚ್ಚವ್ವಾಯಿ.

ಪರಮಾನಂದ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ಅಷ್ಟ ಸಂಕಟ ಆಗತಿರಲಿಲ್ಲ. ಎದ್ದು ಬಂದ, ಜಮಖಾನಿ ಹಾಸಿಸಿದ, ಎಲ್ಲಾರಿಗೂ ಚಾ ತರಿಸಿದ. ಸಂಗಣ್ಣನ್ನ ತನ್ನ ಮಗ್ಗಲಕ್ಕ ಕುಂದರಿಸಿಕೊಂಡ.

"ನೀ ನಿಂತದ್ದು ಭಾಳ ಚಲೋ ಆತು ಸಂಗಣ್ಣ. ಪ್ರಜಾರಾಜ್ಯ ಅಂದ್ರ ಹಿಂಗ ಇರಬೇಕು."

"ಸಾವಕಾರ್ರ, ಭಂಡಾರ ಒಂದ ತಿರುಗಿ ತಗೋರಿ. ಆಮ್ಯಾಲ ಯಾರು ಗೆಲ್ಲತಾರೋ ಗೆಲ್ಲಲಿ" ಅಂದ ಸಂಗಣ್ಣ.

ಪರಮಾನಂದ ಎರಡೂ ಕಿವಿ ಮುಟ್ಟಿಕೊಂಡ. "ಅಬಾಬಾ, ದೇವರಿಗೆ ಕೊಟ್ಟ ಮಾತ ನಾ ಯಾರಪಾ ಬಿಡಸಾಕ? ಮಾತ ನನಗ ಕೊಟ್ಟಿಲ್ಲ, ಸಿದ್ಧಗ ಕೊಟ್ಟೀರಿ. ಪೂಜಾರೀನ್ನ ಕೇಳ್ರಿ."

"ಪೂಜಾರಿ ನಿಮ್ಮನ್ನ ಕೇಳಂತಾನ್ರಿ."

"ಹಂಗಾರ ದೇವರನ್ನ ಕೇಳ್ರಿ. ಚಾ ಆರಾಕತ್ತೇತಿ, ತಗೋರಿ."

ಹುಚ್ಚವ್ವಾಯಿ ಸೆರಗ ಒಡ್ಡಿದಳು. "ಎಪ್ಪಾ, ನಿನ್ನ ಮಕ್ಕಳು ತಣ್ಣಗಿರಲಿ, ಬಿಟ್ಟೆ ಅನ್ನು." ಪರಮಾನಂದ ಆಕಿ ಕಾಲ ಮುಟ್ಟಿ ನಮಸ್ಕಾರ ಮಾಡಿದ. ಬಿಟ್ಟೆ ಅನ್ನಲಿಲ್ಲ. ಸಾತವ್ವಗ ಅವನ ಮಾರಿ ಮ್ಯಾಲ ಚಾ ಚೆಲ್ಲಬೇಕು ಅನಿಸಿತು. ಚಾ ಕುಡಿದಳು, ಬಶಿ ಒರಸಿ ಇಟ್ಟಳು, ಬಂದಳು.

ಮತ್ತ ಪೂಜಾರಿ, ಮತ್ತ ಸಾವಕಾರ, ಹಿಂಗ ಮೂರ ಸಲ ಹಳ್ಳ ದಾಟಿದ್ರು. ಒಂದ ದಿನ ದೇವರನ್ನೂ ಕೇಳಿದ್ರು. ಬಲಕ್ಕ ಹೂವ ಬಿದ್ರ ಆಣಿ ಇಳೀತು, ಎಡಕ್ಕ ಬಿದ್ರ ಇಲ್ಲ ಅಂತ ಮುಂಜಾನಿಂದ ಮಧ್ಯಾಹ್ನತನಕ ಕುಂತ್ರು. ಹೂವ ಎಲ್ಲೂ ಬೀಳಲಿಲ್ಲ, ಬಾಡಿ ಅಲ್ಲೇ ಅಂಟಿಕೊಂಡಿತು. ಇದರ ನಡುವ ಫಾರಂ ಹಿಂದಕ್ಕ ತಗೊಳ್ಳೋ ತಾರೀಖು ಮುಗದುಹೋತು. ಈಗ ಸಂಗಣ್ಣ ನಿಲ್ಲಂಗೂ ಇಲ್ಲ, ಸರಿಯಂಗೂ ಇಲ್ಲ. ಬಾಯಾಗ ಬಿಸಿ ತುಪ್ಪ.

"ನೀವರ ನಿಮಗ ಹಾಕ್ಕೋತೀರಿಲ್ರಿ?" ಅಂತ ಸಾತವ್ವ ರೊಟ್ಟಿ ಬಡಿಯುವಾಗ ಕೇಳಿದಳು.

"ನಾನೂ ಕೈ ಇಟ್ಟೇನಿ."

"ನಿಂತಾವ್ರ ನೀವ ಅದೀರಿ."

"ನಿಂತಾವಗ ಒಂದ ದೇವರು, ಹಾಕಾವಗ ಒಂದ ದೇವರು ಇರತಾನೇನು?" ಅಂದ ಸಂಗಣ್ಣ. "ನನ್ನ ಓಟು ನನಗಿಲ್ಲ ಸಾತಿ. ಸೊನ್ನಿ ಬರತೈತಿ. ಬರಲಿ."

ಓಟಿನ ದಿನ ಊರ ಸಾಲ್ಯಾಗ ಪಾಳಿ ಹಚ್ಚಿದ್ರು. ಅಂಥಾ ಪಾಳಿ ಯಾರೂ ಕಂಡಿರಲಿಕ್ಕಿಲ್ಲ. ಒಬ್ಬೊಬ್ಬರ ಮಾರಿ ಮಣ್ಣ ಕೊಡಾಕ ಬಂದವರಂಗ. ಸಂಗಣ್ಣ ಬೇವಿನ ಗಿಡದ ಕೆಳಗ ನಿಂತಿದ್ದ. ಓಟು ಹಾಕಿ ಹೊರಗ ಬಂದವರು ಅವನ ಕೈ ಹಿಡದು ಅಳತಿದ್ರು. ಮಗ್ಗಲ ಮನಿ ಶೇವಂತೆವ್ವನ ಗಂಡ, ಸಂಗಣ್ಣನ ಜೋಡಿ ಆಡಿ ಬೆಳದಾವ, "ಜೀವ ನಿನ್ನ ಕಡೆ ಇತ್ತಲೇ ಸಂಗ್ಯಾ, ಕೈ ಏಳಲಿಲ್ಲ" ಅಂದು ಹಣಿ ಹಣಿ ಬಡಕೊಂಡ. ಸಂಗಣ್ಣ ಅವನನ್ನೇ ಸಮಾಧಾನ ಮಾಡಿದ. ಸೋಲಾಕ ಹೊಂಟಾವ ತನ್ನನ್ನ ಸೋಲಸಿದವರನ್ನ ಸಮಾಧಾನ ಮಾಡೋದು ನೋಡಿ ಪೋಲೀಸಪ್ಪನೂ ಬೆರಗಾದ.

ಸಾತವ್ವನ ಪಾಳಿ ಬಂತು. ಸಾಹೇಬ ಹೆಸರ ಓದಿದ, ಬೆರಳಿಗೆ ಮಸಿ ಹಚ್ಚಿದ, ಚೀಟಿ, ಶಿಕ್ಕಾ ಕೈಗೆ ಕೊಟ್ಟ. ಗೋಣಿತಟ್ಟಿನ ಮರಿಯಾಗ ಒಂದ ಸ್ಟೂಲು. ಚೀಟಿ ಬಿಡಿಸಿದಳು. ಮ್ಯಾಲ ತಕ್ಕಡಿ, ಕೆಳಗ ಕಂದೀಲು. ತಕ್ಕಡಿ ಮ್ಯಾಲ ಒತ್ತಬೇಕಂತನ ಒಳಗ ಬಂದಾಕಿ. ಆಣಿ ಮುರೀಬೇಕು ಅನ್ನೋ ಮಾತ ಆಕಿ ಮನಸಿನ್ಯಾಗ ಬಂದಿರಲಿಲ್ಲ. ಆದ್ರ ಅವನ ಮಾತ ಕಿವ್ಯಾಗ ಕುಂತುಬಿಟ್ಟಿತ್ತು. ಸೊನ್ನಿ ಬರತೈತಿ.

ಸಂಜಿಕ ಇದ ಸಾಲ್ಯಾಗ ಎಣಸತಾರ. ಊರ ಮಂದಿ ಎಲ್ಲಾ ಕೂಡಿರತಾರ. ಸಾಹೇಬ ದೊಡ್ಡ ದನೀಲೆ 'ಸಂಗಣ್ಣ, ಸೊನ್ನಿ' ಅಂತಾನ. ಈ ಮನಷ್ಯಾ ತನಗ ಬ್ಯಾಡಂದ್ರೂ ಹಟ್ಟಿ ಸಲುವಾಗಿ ನಿಂತಾನ, ಹದಿನೈದ ದಿನ ಮನಿ ಮನಿ ತಿರಗ್ಯಾನ, ಮೂರ ಸಲ ಸಾವಕಾರನ ಬಾಗಲಾ ಕಾದಾನ. ಅವನಿಗೆ ಸೊನ್ನಿ? ಗೆಲ್ಲೋದ ಹಾಳಾಗಿ ಹೋಗಲಿ. ಒಂದರ ಬ್ಯಾಡೇನು? ಒಂದು ಅಂತ ಅಂದ್ರ ಯಾರೋ ಒಬ್ಬರ ಬೆನ್ನಿಗೆ ಅದಾರ ಅಂತ ಆಕ್ಕೈತಿ. ಸೊನ್ನಿ ಅಂದ್ರ ಯಾರೂ ಇಲ್ಲ.

"ಬಡಿಯೋದಾದ್ರ ನನಗ ಬಡಿ ಸಿದ್ಧಾ. ಬಾಯಿ ತಿರುವೋದಾದ್ರ ನನ್ನ ಬಾಯಿ ತಿರುವು. ಅವರಿಗೆ ಗೊತ್ತಿಲ್ಲ" ಅಂದಳು, ಮತ್ತ ಕಂದೀಲಿನ ಮ್ಯಾಲ ಶಿಕ್ಕಾ ಒತ್ತಿದಳು. ಚೀಟಿ ಮಡಿಚಿ ಪೆಟಗಿಗೆ ಹಾಕಿ ಹೊರಗ ಬಂದಾಗ ಹಗರ ಅನಿಸಿತು. ಸುಳ್ಳ ಯಾಕ ಹೇಳೋದು, ಸಂತೋಷನೂ ಆತು.

ಸಂಜಿಕ ಎಣಕಿ ಆತು. ನೂರಾ ಹದಿನೆಂಟಕ್ಕ ನೂರಾ ಹದಿನೆಂಟೂ ಓಟು ಬಿದ್ದಿದ್ದವು. ಸಾಹೇಬ ಕಾಗದಾ ಹಿಡದು ಸಾಲಿ ಮೆಟ್ಟಲ ಮ್ಯಾಲ ಬಂದ.

"ತಕ್ಕಡಿ, ಪರಮಾನಂದ, ನೂರಾ ಹದಿನೇಳು. ಕಂದೀಲು, ಸಂಗಣ್ಣ, ಒಂದು."

ಸಾತವ್ವ ಉಸಿರ ಬಿಟ್ಟಳು. ಒಂದು ಅಂದ್ರಲ್ಲ! ಅಷ್ಟ ಆಕಿಗೆ ಬೇಕಾಗಿದ್ದು. ಆದ್ರ ಹಟ್ಟಿ ಮಂದಿ ಬ್ಯಾರೆ ಲೆಕ್ಕ ಹಾಕಾಕತ್ತಿದ್ರು. ಮೊದಲ ಹುಚ್ಚವ್ವಾಯಿ ತಿರುಗಿ ನೋಡಿದಳು, ಆಮ್ಯಾಲ ಪೂಜಾರಿ, ಆಮ್ಯಾಲ ಶೇವಂತೆವ್ವನ ಗಂಡ. ಒಬ್ಬೊಬ್ಬರಾಗಿ ಎಲ್ಲಾರ ಮಾರಿ ಸಂಗಣ್ಣನ ಕಡೆ ತಿರುಗಿದವು. ಪರಮಾನಂದ ಕೊರಳಾಗಿನ ಹಾರ ಸರಿ ಮಾಡಿಕೊಂತ ನಕ್ಕ.

"ಇರಲಿ ಬಿಡು ಸಂಗಣ್ಣ, ಕಡೀಕ ನಿನ್ನ ಓಟು ನೀನರ ಹಾಕ್ಕೊಂಡೆಲ್ಲ!"

ಊರವರು ನಕ್ಕರು. ಬ್ಯಾರೆ ಯಾವ ಊರಾಗಾದ್ರೂ ಇದು ನಗೋ ಮಾತ. ನಿಂತಾವ ತನ್ನ ಓಟು ತಾನ ಹಾಕ್ಕೊಳ್ಳದ ಇನ್ನೇನ ಮಾಡತಾನ? ತೆಗ್ಗಿನಹಟ್ಟಿಯವರು ನಗಲಿಲ್ಲ. ಇಡೀ ಹಟ್ಟಿ ಅಳಕೊಂತ ಮಾತ ಉಳಿಸಿಕೊಂಡೇತಿ, ಇವನೊಬ್ಬ ಸಿದ್ಧನ ಭಂಡಾರ ಮುರಕೊಂಡ ಅಂತ ಅವರ ಲೆಕ್ಕ ಅಲ್ಲೇ, ಆ ಮೆಟ್ಟಲ ಮುಂದನ ಮುಗೀತು.

"ನಾ ಹಾಕಿಲ್ರೋ" ಅಂದ ಸಂಗಣ್ಣ. ದನಿ ಸಣ್ಣಗಿತ್ತು. "ಸಿದ್ಧನ ಆಣಿ, ನಾ ತಕ್ಕಡಿಗೇ ಹಾಕೇನಿ."

ಸಾತವ್ವ ಬಾಯಿ ತಗದಳು. ಊರ ಮಂದಿ ಎಲ್ಲಾ ನಿಂತಿತ್ತು, ಸಾವಕಾರ ನಗತಿದ್ದ, ಪೋಲೀಸಪ್ಪ ಇದ್ದ. ಬಾಯಿ ಮುಚ್ಚಿಕೊಂಡಳು. ಅವತ್ತ ಹೇಳಿಬಿಟ್ಟಿದ್ರ ಏನಾಗತಿತ್ತೋ ಏನೋ.

ಮನಿಗೆ ಬಂದ ಮ್ಯಾಲರ ಹೇಳಬೇಕಂತ ಮಾಡಿದಳು. ಆದ್ರ ಸಂಗಣ್ಣ ಅಂಗಳದಾಗ ಕುಂತು, ಆಕಿ ನೀರ ತಂದುಕೊಟ್ಟಾಗ, ಮೂರ ದಿನದಾಗ ಮೊದಲನೇ ಸಲ ನಕ್ಕ.

"ಯಾರಿರಬಹುದು ಸಾತಿ?"

"ಯಾರು?"

"ಒಂದು ಹಾಕಿದಾವ. ಸಿದ್ಧಗೂ ಅಂಜದ ಹಾಕ್ಯಾನ ನೋಡು! ಹಟ್ಟ್ಯಾಗ ಒಬ್ಬಾವ ಅದಾನ. ಮಂದಿ ನನಗ ಏನರ ಅನ್ನಲಿ, ಆ ಒಬ್ಬಾವಗ ಗೊತ್ತೈತಿ ನಾ ಹಾಕಿಲ್ಲಂತ."

ಅಂದಾವನ ಬೆರಳ ಮಡಿಚಿ ಹೆಸರ ಎಣಸಾಕ ಹತ್ತಿದ. ಇಂವ ಇರಬಹುದು, ಅಂವ ಇರಬಹುದು. ಇವನ ಕಣ್ಣಾಗ ಒಂಥರಾ ಕಂಡಿತ್ತು. ಅವರವ್ವಗ ನಾ ಒಂದ ಸಲ ಬಂಡಿ ಕಟ್ಟಿ ಇಂಡಿ ದವಾಖಾನಿಗೆ ಒಯ್ದಿದ್ದೆ. ನಾಳೆ ಹೇಳಿದ್ರಾತು ಅಂತ ಸಾತವ್ವ ಒಲಿ ಕಡೆ ಎದ್ದಳು. ನಾಳೆನೂ ಅಂವ ಎಣಸತಿದ್ದ.

ನಾಕ ದಿನದ ಮ್ಯಾಲ ಪೂಜಾರಿ ಮಂದಿ ಕೂಡಿಸಿದ. ಹಟ್ಟಿಯವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಸಂಗಣ್ಣನ್ನ ಹೊರಗ ಹಾಕಬೇಕು ಅಂತ ಯಾರ ಮನಸಿನ್ಯಾಗೂ ಇರಲಿಲ್ಲ.

"ತಮ್ಮಾ, ತಪ್ಪಾತು ಅಂತ ಭಂಡಾರ ಮುಟ್ಟಿ ಒಪ್ಪಿಕೋ. ಸಿದ್ಧಗ ಒಂದ ಟಗರ ಬಿಡು. ಎಲ್ಲಾರೂ ಕೂಡಿ ಉಣ್ಣೂಣು, ಮುಗೀತು" ಅಂದ ರೇವಣಪ್ಪ.

"ನಾ ಮಾಡದ್ದನ್ನ ಮಾಡೇನಿ ಅಂತ ಭಂಡಾರ ಮುಟ್ಟಿ ಹೇಳಿದ್ರ ಅದು ಸುಳ್ಳಾಣಿ ಆಗಂಗಿಲ್ಲೇನೋ ಎಪ್ಪಾ?" ಅಂದ ಸಂಗಣ್ಣ.

ರೇವಣಪ್ಪ ಗಡ್ಡ ಕೆರಕೊಂಡ. "ಒಪ್ಪಿಕೋಳೋ ಮಾರಾಯಾ, ನಮ್ಮ ಸಲುವಾಗರ ಒಪ್ಪಿಕೋ" ಅಂತ ಶೇವಂತೆವ್ವನ ಗಂಡ ಕಾಲ ಹಿಡದ. ಸಂಗಣ್ಣ ಒಪ್ಪಲಿಲ್ಲ. ಅವತ್ತಿಂದ ಹಟ್ಟಿಯಾಗ ಅವನ ಮನಿಗೆ ಬೆಂಕಿ ಇಲ್ಲ, ನೀರಿಲ್ಲ. ಮಂದಿ ಎದುರಿಗೆ ಬಂದ್ರ ತಲಿ ಕೆಳಗ ಹಾಕಿ ಹೋಗತಿದ್ರು. ಬೈದಿದ್ರ ತಿರುಗಿ ಬೈಯಬಹುದಿತ್ತು.

ಸಾತವ್ವ ದಿನಾ ಮುಂಜಾನೆ ದಡ್ಡಿಗೆ ಹೋಗಿ ಕುರಿ ಎಣಸತಿದ್ದಳು, ಎಷ್ಟ ಸತ್ತಾವು ಅಂತ. ನೀರಿನ ಕೊಡದಾಗ ಬಗ್ಗಿ ತನ್ನ ಬಾಯಿ ನೋಡಿಕೊಳ್ಳತಿದ್ದಳು. ಬಾಯಿ ನೆಟ್ಟಗಿತ್ತು. ಒಂದೂ ಕುರಿ ಸಾಯಲಿಲ್ಲ. ಮ್ಯಾಲ ಒಂದ ಕುರಿ ಅವಳಿ ಮರಿ ಈಯಿತು. "ದೇವರು ಸುಮ್ಮನಿದ್ರ ಮರತಾನ ಅಂತಲ್ಲ, ಬಡ್ಡಿ ಕೂಡಿಸಾಕತ್ತಾನ" ಅಂದ್ರು ಹಟ್ಟಿ ಹೆಂಗಸರು.

ಪಂಚಾಯತಿ ಕೂಡಿತು. ಆರ ಕೈ ಒಂದ ಕಡೆ, ಐದ ಕೈ ಒಂದ ಕಡೆ. ನಬಿಸಾಬ ಡಂಗುರ ಹೊಡಿಯಾಕ ಹಟ್ಟಿಗೆ ಬಂದಾವ ಹಲಗಿ ಬಡೀಲೇ ಇಲ್ಲ, ಬಾಯಿಲೆ ಹೇಳಿ ಹೋದ. ತಿಂಗಳ ಒಳಗ ಅರವತ್ತ ಎಕರೆಗೂ ಕಂಬ ನಟ್ಟು ತಂತಿ ಎಳದ್ರು. ಕುರಿ ತಂತಿಗೆ ಮೂತಿ ಹಚ್ಚಿ ನಿಂತವು. ಹಟ್ಟಿಯವರಿಗೆ ಈಗ ಒಂದ ದಾರಿ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕೃಷ್ಣಾ ದಂಡಿಗೆ ಹಿಂಡ ಹೊಡಕೊಂಡು ಹೋಗೋದು. ಮೇಸಿಕೊಂತ ಹೋಗಿ ಬರಾಕ ಎರಡ ತಿಂಗಳು. ಎಲ್ಲಾರೂ ಕೂಡಿದ್ರ ಆಕ್ಕೈತಿ, ತೋಳ ಅದಾವು, ಕಳ್ಳರ ಅದಾರ, ಬೆಳಿಗೆ ಕುರಿ ಹೊಕ್ಕರ ಬಡಿಗಿ ತರೋ ರೈತರ ಅದಾರ. ಒಬ್ಬಾವ ನಲವತ್ತ ಕುರಿ ಕಟ್ಟಿಕೊಂಡು ಹೋಗೋ ಮಾತಲ್ಲ. ಆದ್ರ ಸಂಗಣ್ಣನ ಕುರಿ ತಮ್ಮ ಹಿಂಡಿನ್ಯಾಗ ಕೂಡಸಾಕ ಯಾರೂ ಒಲ್ರು. ನಾಳೆ ಸಿದ್ಧ ಬಡದ್ರ ಎಲ್ಲಾ ಹಿಂಡಿಗೂ ಹತ್ತತೈತಿ ಅಂತ ಅಂಜಿಕಿ.

ಹೊಂಡೋ ದಿನ ಮುಂಜಾನೆ ಕತ್ತೆಗಳ ಮ್ಯಾಲ ಕಂಬಳಿ, ಗಡಿಗಿ, ಕೂಸು ಹೇರಾಕತ್ತಿದ್ರು. ಸಾತವ್ವ ಹಟ್ಟಿ ನಡುವ ಹೋಗಿ ನಿಂತಳು.

"ನಾ ಹಾಕೀನಿ ಕಂದೀಲಿಗೆ. ಅವರಲ್ಲ. ನಾನ."

ಎಲ್ಲಾರೂ ಕೈ ಬಿಟ್ಟು ನಿಂತ್ರು. ಹುಚ್ಚವ್ವಾಯಿ ಕೋಲ ಊರಿಕೊಂತ ಬಂದಳು. ಸಾತವ್ವ ಮಾರಿ ಮ್ಯಾಲ ಪೆಟ್ಟ ಬೀಳತೈತಿ ಅಂತ ಕಣ್ಣ ಮುಚ್ಚಿದಳು. ಹುಚ್ಚವ್ವಾಯಿ ಆಕಿ ಗಲ್ಲ ಸವರಿ ಲಟಿಗಿ ಮುರದಳು.

"ಎಂಥಾ ಹೆಣ್ಣ ಹಡದಾಳಬೇ ನಿಮ್ಮವ್ವ! ಗಂಡನ ಪಾಪ ತನ್ನ ಮ್ಯಾಲ ಹಾಕ್ಕೊಳ್ಳಾಕ ಬಂದಾಳ ನೋಡ್ರೇ."

ಹೆಂಗಸರು ಸೆರಗಿಲೆ ಕಣ್ಣ ಒರಸಿಕೊಂಡ್ರು.

"ಸುಳ್ಳಲ್ಲಬೇ ಆಯೀ! ನನ್ನ ಕೈಲೆ ಒತ್ತೇನಿ. ಬೇಕಾದ್ರ ಚೀಟಿ ತಗಸಿ ನೋಡ್ರಿ!"

ಬೀಳ್ಕೊಡಾಕ ಬಂದಿದ್ದ ನಬಿಸಾಬ ತಲಿ ಅಲಗಾಡಿಸಿದ. "ಚೀಟಿ ಮ್ಯಾಲ ಹೆಸರ ಇರಂಗಿಲ್ಲ ತಂಗಿ. ಯಾರ ಯಾರಿಗೆ ಹಾಕ್ಯಾರ ಅಂತ ಯಾರಿಗೂ ಗೊತ್ತಾಗಬಾರದು ಅಂತನ ಹಂಗ ಮಾಡ್ಯಾರ."

"ಹಂಗಾರ ಭಂಡಾರ ತರ್ರಿ. ಮುಟ್ಟಿ ಹೇಳತೇನಿ."

ರೇವಣಪ್ಪ ತಾಟ ಎದಿಗೆ ಒತ್ತಿಕೊಂಡು ಒಂದ ಹೆಜ್ಜಿ ಹಿಂದ ಸರದ. "ಭಂಡಾರ ಮುರದ ಮನಿಯವರ ಕೈಗೆ ತಪ್ಪ ಒಪ್ಪಾಕ ಹೊರತು ಭಂಡಾರ ಕೊಡಾಕ ಬರಂಗಿಲ್ಲವ್ವಾ. ನಿನ್ನ ಗಂಡಗ ಒಪ್ಪಿಕೋ ಅನ್ನು, ಇವತ್ತೂ ಹೊತ್ತ ಮೀರಿಲ್ಲ."

ಇನ್ನೇನ ಮಾಡಬೇಕ್ರಿ? ಸಾತವ್ವ ನೆಲಕ್ಕ ಕುಂತುಬಿಟ್ಟಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಆಕಿ ತಲಿ ಮ್ಯಾಲ ಕೈ ಇಟ್ಟು ಹೋದ್ರು. ಹಿಂಡ ಹೊಂಟಿತು. ಏಳನೂರಾ ಅರವತ್ತ ಕುರಿ ಎಬ್ಬಿಸಿದ ಧೂಳದಾಗ ಮೂವತ್ತೇಳ ಮನಿ ಮಂದಿ ಹಳ್ಳ ಇಳದು ಕಾಣದಂಗಾದ್ರು.

ಮನಿಗೆ ಬಂದ್ರ ಸಂಗಣ್ಣ ದಡ್ಡಿ ಬಾಗಲದಾಗ ನಿಂತಿದ್ದ. ಹಟ್ಟಿ ನಡುವ ಆಡಿದ ಮಾತ ಅಲ್ಲಿತನಕ ಕೇಳಿತ್ತು. ಆಕಿ ಮಾರಿ ನೋಡಿದ. ಮಂದಿಗೆ ಗೊತ್ತಾಗದ್ದು ಅವನಿಗೆ ಗೊತ್ತಾತು, ಇಪ್ಪತ್ತ ವರ್ಷ ಜೋಡಿ ಬಾಳುವೆ ಮಾಡಿದಾವ.

"ಹೌದೇನು?" ಅಂದ.

ಅಲ್ಲ ಅನ್ನಬಹುದಿತ್ತು. ನಿಮ್ಮನ್ನ ಉಳಸಾಕ ಸುಳ್ಳ ಹೇಳಿದೆ ಅಂದಿದ್ರ ನಂಬತಿದ್ದ. ಆದ್ರ ಎಲ್ಲಾರೂ ಸುಳ್ಳ ಅಂದ ಮಾತನ್ನ ಒಬ್ಬರರ ಖರೇ ಅನ್ನಲಿ ಅಂತ ಸಾತವ್ವನ ಜೀವ ಬಡಕೊಳ್ಳತಿತ್ತು.

"ಹೌದ್ರಿ. ನಿಮಗ ಸೊನ್ನಿ ಬರಬಾರದು ಅಂತ."

ಸಂಗಣ್ಣ ಸಿಟ್ಟ ಮಾಡಲಿಲ್ಲ. ಆಣಿ ಯಾಕ ಮುರದಿ ಅಂತ ಕೇಳಲಿಲ್ಲ. ದಡ್ಡಿಯ ಮುಳ್ಳ ಬೇಲಿ ಹಿಡಕೊಂಡು ಖಾಲಿ ಹಟ್ಟಿ ಕಡೆ ನೋಡಿದ.

"ನಾ ಹಟ್ಟ್ಯಾಗ ಯಾರೋ ಒಬ್ಬಾವ ಅದಾನ ಅಂದ್ಕೊಂಡಿದ್ದೆ ಸಾತಿ" ಅಂದ.